ಪ್ರಶ್ನೋತ್ತರ: ಕಾಲೇಜು ಆಟಗಾರರ ಹೆಸರು, ಮುಖ ಮತ್ತು ಅದರ ಗಳಿಕೆ

ಪ್ರಶ್ನೆ: ಅಮೆರಿಕದಲ್ಲಿ ಕಾಲೇಜು ಆಟಗಾರರು ಈಗ ಜಾಹೀರಾತುಗಳಲ್ಲಿ ಕಾಣಿಸಿಕೊಂಡು ಲಕ್ಷಗಟ್ಟಲೆ ಡಾಲರ್ ಗಳಿಸುತ್ತಿದ್ದಾರೆಂದು ಓದಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಆಟ ಕಲಿಸಿದ ನನಗೆ ಇದು ಸರಿಕಾಣುತ್ತಿಲ್ಲ. ಶುಲ್ಕ, ಊಟ, ವಸತಿ ಎಲ್ಲವನ್ನೂ ವಿಶ್ವವಿದ್ಯಾಲಯವೇ ನೋಡಿಕೊಳ್ಳುವಾಗ, ಓದುತ್ತಿರುವಾಗಲೇ ತನ್ನ ಮುಖವನ್ನು ಮಾರಿಕೊಂಡು ಹಣ ಮಾಡುವುದರಿಂದ ಆಟದ ಮನೋಧರ್ಮ ಕೆಡುವುದಿಲ್ಲವೇ?
— ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರು, ಶಿವಮೊಗ್ಗ

ಉತ್ತರ: ತಮ್ಮ ಆತಂಕದ ಹಿಂದೆ ಆಟದ ಮೇಲಿನ ಪ್ರೀತಿಯಿದೆ ಎಂಬುದು ಸ್ಪಷ್ಟ. ಆದರೆ ತಾವು ಒಟ್ಟಾಗಿ ನೋಡುತ್ತಿರುವ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕಾಗಿದೆ. ಆಡಿದ್ದಕ್ಕೆ ಸಂಬಳ ಕೊಡುವುದು ಒಂದು. ಆಟಗಾರನ ಹೆಸರು, ಚಿತ್ರ, ಚಹರೆಗಳನ್ನು ಬಳಸಿ ಬೇರೆಯವರು ವ್ಯಾಪಾರ ಮಾಡಿದಾಗ ಅದರಲ್ಲಿ ಅವನಿಗೂ ಪಾಲು ಸಿಗುವುದು ಇನ್ನೊಂದು. ಮೊದಲನೆಯದರ ಬಗ್ಗೆ ವಾದಿಸಲು ಎರಡೂ ಕಡೆ ಕಾರಣಗಳಿವೆ; ಎರಡನೆಯದರಲ್ಲಿ ಆಟಗಾರನಿಗೆ ಪಾಲು ಸಲ್ಲಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮನುಷ್ಯನ ಮುಖ ಅವನ ಸ್ವತ್ತು ಎಂಬ ವಿಚಾರ ಅಮೆರಿಕದ ಕಾನೂನಿಗೆ ಹೊಸದಲ್ಲ. ಚೂಯಿಂಗ್ ಗಮ್ ಪೊಟ್ಟಣಗಳೊಂದಿಗೆ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಮಾರುವ ಹಕ್ಕು ಯಾವ ಕಂಪನಿಯದು ಎಂಬ ವ್ಯಾಜ್ಯದಲ್ಲಿ, 1953ರಲ್ಲಿಯೇ, ತನ್ನ ಚಿತ್ರದ ವಾಣಿಜ್ಯ ಬಳಕೆಗೆ ಬೆಲೆ ಪಡೆಯುವ ಹಕ್ಕು ಆಟಗಾರನಿಗಿದೆ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಆಟಗಾರ ಓದುವ ವಿಶ್ವವಿದ್ಯಾಲಯದಲ್ಲೇ ವಿದ್ಯಾರ್ಥಿವೇತನ ಪಡೆದು ಸಂಗೀತ ಕಲಿಯುವವನು ತನ್ನ ಹಾಡುಗಳ ಧ್ವನಿಮುದ್ರಿಕೆ ಮಾರಬಹುದಾಗಿತ್ತು, ನಟನೆ ಕಲಿಯುವವಳು ಜಾಹೀರಾತಿನಲ್ಲಿ ಅಭಿನಯಿಸಬಹುದಾಗಿತ್ತು. ಚೆಂಡು ಹಿಡಿದವನಿಗೆ ಮಾತ್ರ ಇದು ನಿಷಿದ್ಧವಾಗಿತ್ತು. ಈ ನಿಷೇಧವನ್ನು ಹೇರಿದ್ದು ಸರ್ಕಾರವಲ್ಲ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆ.

ಇದರ ಪರಿಣಾಮ ಹೇಗಿತ್ತು ಎಂಬುದಕ್ಕೆ ಎಡ್ ಒ'ಬ್ಯಾನನ್ ಅವರ ಪ್ರಕರಣವನ್ನು ನೋಡಬಹುದು. 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಕಿರೀಟ ತಂದುಕೊಟ್ಟವರು ಅವರು. ಆಟದಿಂದ ನಿವೃತ್ತರಾಗಿ ನೆವಾಡಾದಲ್ಲಿ ಕಾರು ಮಾರಾಟದ ಕೆಲಸದಲ್ಲಿದ್ದಾಗ, ಸ್ನೇಹಿತರ ಮನೆಯ ವಿಡಿಯೊ ಗೇಮ್‌ನಲ್ಲಿ ತಮ್ಮನ್ನೇ ಕಂಡರು: ಅದೇ ತಂಡ, ಅದೇ 31ನೇ ಸಂಖ್ಯೆಯ ಜರ್ಸಿ, ಅದೇ ಬೋಳು ತಲೆ, ಎಡಗೈಯಲ್ಲಿ ಚೆಂಡೆಸೆಯುವ ಅದೇ ರೀತಿ. ಹೆಸರೊಂದು ಮಾತ್ರ ಇರಲಿಲ್ಲ. ಅದಕ್ಕಾಗಿ ಅವರನ್ನು ಯಾರೂ ಕೇಳಿರಲಿಲ್ಲ, ಒಂದು ಡಾಲರ್ ಕೂಡ ಕೊಟ್ಟಿರಲಿಲ್ಲ. 2009ರಲ್ಲಿ ಅವರು ಹೂಡಿದ ದಾವೆಯಲ್ಲಿ, ಎನ್‌ಸಿಎಎ ನಿಯಮಗಳು ಮಾರುಕಟ್ಟೆಯ ಮುಕ್ತ ಪೈಪೋಟಿಯನ್ನು ಕಾಯುವ ಕಾನೂನನ್ನು ಉಲ್ಲಂಘಿಸುತ್ತವೆ ಎಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 2014ರಲ್ಲಿ ತೀರ್ಪಿತ್ತರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ತೀರ್ಪಿನ ಒಂದು ಭಾಗವನ್ನು ಎತ್ತಿಹಿಡಿಯಿತಾದರೂ, ಚಹರೆಗಾಗಿ ನಗದು ಕೊಡಬಹುದೆಂಬ ಭಾಗವನ್ನು ತಳ್ಳಿಹಾಕಿತು. ಆ ಗೇಮ್ ತಯಾರಿಸಿದ ಇಎ ಕಂಪನಿ ಮತ್ತು ಅದಕ್ಕೆ ಪರವಾನಗಿ ಕೊಟ್ಟ ಸಂಸ್ಥೆ 4 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡವು. ಇಎ ತನ್ನ ಕಾಲೇಜು ಫುಟ್‌ಬಾಲ್ ಗೇಮನ್ನು 2013ರ ಬಳಿಕ ನಿಲ್ಲಿಸಿಬಿಟ್ಟಿತು. 2024ರಲ್ಲಿ ಅದು ಮತ್ತೆ ಮಾರುಕಟ್ಟೆಗೆ ಬಂದಾಗ ಹತ್ತು ಸಾವಿರಕ್ಕೂ ಹೆಚ್ಚು ಆಟಗಾರರು ತಲಾ 600 ಡಾಲರ್ ಮತ್ತು ಗೇಮ್‌ನ ಒಂದು ಪ್ರತಿಯನ್ನು ಪಡೆದು ಒಪ್ಪಿಗೆ ಕೊಟ್ಟರು. ಮೊತ್ತ ದೊಡ್ಡದಲ್ಲ. ಆದರೆ ಈ ಸಲ ಕೇಳಿ ತೆಗೆದುಕೊಂಡರು, ಬೇಡವೆನ್ನುವ ಅವಕಾಶವೂ ಆಟಗಾರನಿಗಿತ್ತು. ನನ್ನ ಮಟ್ಟಿಗೆ ಈ ಹಕ್ಕಿನ ತಿರುಳು ಇರುವುದು ಅಲ್ಲಿಯೇ.

ಆಟದ ಮನೋಧರ್ಮದ ಬಗ್ಗೆ ತಾವು ಕೇಳಿದ್ದೀರಿ. ಅಲ್ಲಿ ಆ ಮನೋಧರ್ಮದ ಹೆಸರಿನಲ್ಲಿ ನಡೆದುಬಂದದ್ದನ್ನೂ ಗಮನಿಸಬೇಕು. 1955ರಲ್ಲಿ ಕೊಲೊರಾಡೊದ ಒಂದು ಸಣ್ಣ ಕಾಲೇಜಿನ ಫುಟ್‌ಬಾಲ್ ಆಟಗಾರ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಕಾರ್ಮಿಕರಿಗೆ ಸಿಗುವ ಪರಿಹಾರವನ್ನು ಅವರ ಪತ್ನಿ ಕೇಳಿದಾಗ, ಡೆನಿಸನ್ ಕಾಲೇಜಿನ ನೌಕರರಾಗಿರಲಿಲ್ಲ ಎಂದು 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ನಿರಾಕರಿಸಿತು. ಆಟಗಾರರನ್ನು ನೌಕರರೆಂದು ಪರಿಗಣಿಸಬಹುದೆಂಬ ಭಯದಿಂದಲೇ 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಪದವನ್ನು ರೂಪಿಸಿ ಎಲ್ಲೆಡೆ ಕಡ್ಡಾಯಗೊಳಿಸಿದೆವು ಎಂದು, 1951ರಿಂದ 1987ರವರೆಗೆ ಎನ್‌ಸಿಎಎ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ ನಿವೃತ್ತಿಯ ನಂತರ ಬರೆದರು. ಇತ್ತ ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ನಡೆಯುವ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು 2010ರಲ್ಲಿ 14 ವರ್ಷಗಳಿಗೆ 1,080 ಕೋಟಿ ಡಾಲರ್‌ಗೆ ಮಾರಲಾಯಿತು. ಅದೇ ವರ್ಷ ಜಾರ್ಜಿಯಾ ವಿಶ್ವವಿದ್ಯಾಲಯದ ಎ. ಜೆ. ಗ್ರೀನ್ ಎಂಬ ಆಟಗಾರ ತಾನು ತೊಟ್ಟಿದ್ದ ಜರ್ಸಿಯನ್ನು ಒಂದು ಸಾವಿರ ಡಾಲರ್‌ಗೆ ಮಾರಿದ್ದಕ್ಕಾಗಿ ನಾಲ್ಕು ಪಂದ್ಯಗಳಿಂದ ಹೊರಗುಳಿಯಬೇಕಾಯಿತು. ಹಣವೇ ಮನೋಧರ್ಮವನ್ನು ಕೆಡಿಸುವುದಾಗಿದ್ದರೆ ಅದು ಎಂದೋ ಕೆಟ್ಟಿರಬೇಕಾಗಿತ್ತು; ಆ ಹಣ ಆಟಗಾರನ ಕೈಗೆ ಮಾತ್ರ ಹೋಗಬಾರದು ಎಂಬ ನಿಯಮದಲ್ಲಿ ನನಗೆ ಮನೋಧರ್ಮ ಕಾಣಿಸುತ್ತಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಈ ನಿಷೇಧಕ್ಕೆ ವಿರುದ್ಧವಾಗಿ ಕಾನೂನು ಮಾಡಿತು, ಬೇರೆ ರಾಜ್ಯಗಳೂ ಅದನ್ನು ಹಿಂಬಾಲಿಸಿದವು. ಆಲ್‌ಸ್ಟನ್ ಪ್ರಕರಣದಲ್ಲಿ ದೇಶದ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು 2021ರ ಜೂನ್‌ನಲ್ಲಿ ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಆ ಪ್ರಕರಣ ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳ ಕುರಿತಾಗಿದ್ದರೂ, ಹಳೆಯ ನಿಯಮಗಳು ಇನ್ನು ನಿಲ್ಲಲಾರವು ಎಂಬುದು ಖಚಿತವಾಯಿತು. ಆ ವರ್ಷದ ಜುಲೈ 1ರಿಂದ ಆಟಗಾರರಿಗೆ ಈ ಗಳಿಕೆಯ ದಾರಿ ತೆರೆಯಿತು. ಇದರ ಲಾಭ ಪುರುಷರ ಫುಟ್‌ಬಾಲ್‌ಗಷ್ಟೇ ಸೀಮಿತವಾಗಲಿಲ್ಲ ಎಂಬುದನ್ನು ತಾವು ವಿಶೇಷವಾಗಿ ಗಮನಿಸಬೇಕು. ಮೊದಲ ದಿನವೇ ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಫ್ರೆಸ್ನೊ ಸ್ಟೇಟ್‌ನ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರಾದ ಕ್ಯಾವಿಂಡರ್ ಅವಳಿ ಸಹೋದರಿಯರಿದ್ದರು. ಲೂಸಿಯಾನಾದ ಜಿಮ್ನಾಸ್ಟ್ ಒಲಿವಿಯಾ ಡನ್ ದೇಶದಲ್ಲೇ ಅತಿ ಹೆಚ್ಚು ಗಳಿಸುವ ಕಾಲೇಜು ಕ್ರೀಡಾಪಟುಗಳಲ್ಲಿ ಒಬ್ಬರಾದರು. ಕಾಲೇಜು ಮುಗಿದ ಬಳಿಕ ಬಹುಪಾಲು ಜಿಮ್ನಾಸ್ಟ್‌ಗಳಿಗೆ ವೃತ್ತಿಪರ ಲೀಗ್ ಎಂಬುದೇ ಇಲ್ಲ. ಆ ಹೆಣ್ಣುಮಕ್ಕಳ ಹೆಸರಿಗೆ ಬೆಲೆಯಿರುವ ನಾಲ್ಕು ವರ್ಷಗಳಲ್ಲೇ ಗಳಿಕೆಯನ್ನು ನಿಷೇಧಿಸುವುದೆಂದರೆ ಶಾಶ್ವತವಾಗಿ ನಿಷೇಧಿಸಿದಂತೆ.

ತಮ್ಮ ಆತಂಕ ನಿಜವಾಗಿರುವ ಒಂದು ಕಡೆಯಿದೆ, ಅದನ್ನು ಮರೆಮಾಚಲಾರೆ. ಶ್ರೀಮಂತ ಹಳೆಯ ವಿದ್ಯಾರ್ಥಿಗಳು ಮತ್ತು ಅಭಿಮಾನಿಗಳು ಹಣ ಕೂಡಿಸಿ, ಜಾಹೀರಾತಿನ ನೆಪದಲ್ಲಿ, ಒಳ್ಳೆಯ ಆಟಗಾರರನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಸೆಳೆಯತೊಡಗಿದರು. ಯಾವ ವಸ್ತುವೂ ಮಾರಾಟವಾಗದ, ಯಾರೂ ನೋಡದ ಜಾಹೀರಾತಿಗೆ ಲಕ್ಷಾಂತರ ಡಾಲರ್ ಕೊಟ್ಟರೆ ಅದು ಚಹರೆಯ ಬೆಲೆಯಲ್ಲ, ಆಟದ ಸಂಬಳ. ಸಂಬಳವನ್ನು ಸಂಬಳವೆಂದೇ ಕರೆಯಬೇಕೆಂಬುದು ನನ್ನ ಅಭಿಪ್ರಾಯ. 2025ರ ಜೂನ್‌ನಲ್ಲಿ, ಮತ್ತೆ ಅದೇ ನ್ಯಾಯಾಧೀಶೆ ವಿಲ್ಕೆನ್ ಅಂಗೀಕರಿಸಿದ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ 'ಹೌಸ್' ಎಂಬ ಪ್ರಕರಣದ ರಾಜಿ ಈ ದಿಕ್ಕಿನಲ್ಲೇ ಸಾಗಿದೆ. ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ನಿಗದಿಯಾಯಿತು, ಮೊದಲ ವರ್ಷ ಪ್ರತಿ ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದೆಂದಾಯಿತು, ಹೊರಗಿನವರೊಂದಿಗಿನ 600 ಡಾಲರ್ ಮೀರಿದ ಒಪ್ಪಂದಗಳನ್ನು ಪರಿಶೀಲನೆಗೆ ಒಪ್ಪಿಸುವ ವ್ಯವಸ್ಥೆಯೂ ಬಂದಿತು.

ಪ್ರಶ್ನೆ: ನನ್ನ ಮಗಳು ಈಜುಪಟು, ಅಮೆರಿಕದ ವಿಶ್ವವಿದ್ಯಾಲಯವೊಂದು ಅವಳಿಗೆ ಕ್ರೀಡಾ ವಿದ್ಯಾರ್ಥಿವೇತನ ನೀಡಿದೆ. ಅಲ್ಲಿ ಅವಳೂ ಹೀಗೆ ಜಾಹೀರಾತು ಒಪ್ಪಂದ ಮಾಡಿಕೊಳ್ಳಬಹುದೇ?
— ಒಬ್ಬ ತಾಯಿ, ಬಸವನಗುಡಿ, ಬೆಂಗಳೂರು

ಉತ್ತರ: ಕ್ರೀಡಾ ನಿಯಮಗಳ ಅಡ್ಡಿಯಿಲ್ಲ, ವೀಸಾದ ಅಡ್ಡಿಯಿದೆ. ನಿಮ್ಮ ಮಗಳು ಹೋಗುವುದು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ. ತರಗತಿಗಳು ನಡೆಯುವ ಅವಧಿಯಲ್ಲಿ ಆವರಣದೊಳಗೆ ವಾರಕ್ಕೆ 20 ಗಂಟೆಗಳವರೆಗೆ ಕೆಲಸ ಮಾಡಲು ಅದು ಅವಕಾಶ ಕೊಡುತ್ತದೆ. ಹೊರಗಿನ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು. ಜಾಹೀರಾತಿನ ಚಿತ್ರೀಕರಣಕ್ಕೆ ನಿಲ್ಲುವುದು, ಹಣ ಪಡೆದು ಇನ್‌ಸ್ಟಾಗ್ರಾಂನಲ್ಲಿ ಪ್ರಚಾರ ಮಾಡುವುದು, ಇವೆಲ್ಲ ಅನುಮತಿಯಿಲ್ಲದ ಕೆಲಸವೆಂದು ಪರಿಗಣಿತವಾದರೆ ವೀಸಾವೇ ಕೈತಪ್ಪಬಹುದು. ಪರ್ಡ್ಯೂ ವಿಶ್ವವಿದ್ಯಾಲಯದ ಕೆನಡಾದ ಬ್ಯಾಸ್ಕೆಟ್‌ಬಾಲ್ ಆಟಗಾರ ಝಾಕ್ ಈಡಿ 2023 ಮತ್ತು 2024ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನೆನಿಸಿಕೊಂಡರೂ, ಸಹ ಆಟಗಾರರಿಗಿದ್ದ ಗಳಿಕೆಯ ಅವಕಾಶ ಅವರಿಗೆ ಇರಲಿಲ್ಲ. ಕೆಂಟಕಿ ವಿಶ್ವವಿದ್ಯಾಲಯದ ಕಾಂಗೊ ಮೂಲದ ಆಸ್ಕರ್ ಶೀಬ್ವೆ 2022ರಲ್ಲಿ ತಂಡದೊಂದಿಗೆ ಬಹಾಮಾಸ್‌ಗೆ ಹೋಗಿದ್ದಾಗ, ಅಮೆರಿಕದ ನೆಲದ ಹೊರಗಿರುವ ಕಾರಣಕ್ಕೆ, ಅಲ್ಲಿಯೇ ಒಪ್ಪಂದಗಳ ಕೆಲಸವನ್ನು ಮುಗಿಸಿಕೊಂಡರು. ಹೊರದೇಶದ ಮಕ್ಕಳಿಗೆ ಇದು ಅನ್ಯಾಯವೆಂದೇ ನನಗೆ ಅನಿಸುತ್ತದೆ. ಆದರೆ ನಿಮ್ಮ ಮಗಳು ಅದನ್ನು ಪರೀಕ್ಷಿಸಲು ಹೋಗಬಾರದು.

ರಜೆಯಲ್ಲಿ ಭಾರತಕ್ಕೆ ಬಂದಾಗ ಇಲ್ಲಿಯೇ ಚಿತ್ರೀಕರಣ ಮಾಡಿ, ಇಲ್ಲಿನ ಸಂಸ್ಥೆಯಿಂದ ಹಣ ಪಡೆಯುವ ದಾರಿ ಇರಬಹುದು. ಅದಕ್ಕೂ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನೂ ವಲಸೆ ಕಾನೂನು ಬಲ್ಲ ವಕೀಲರನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ತರಬೇತುದಾರರ ಬಾಯಿಮಾತು ಇಲ್ಲಿ ಸಾಲದು.

ಪ್ರಶ್ನೆ: ನಮ್ಮ ಮಗ ಇಲ್ಲಿಯೇ ಹುಟ್ಟಿ ಬೆಳೆದವನು, ಈ ವರ್ಷ ಕಾಲೇಜು ಟೆನಿಸ್ ತಂಡ ಸೇರಿದ್ದಾನೆ. ಕ್ರೀಡಾ ಸಾಮಗ್ರಿಗಳ ಅಂಗಡಿಯವರು ಒಪ್ಪಂದ ಪತ್ರ ಕೊಟ್ಟಿದ್ದಾರೆ. ಏನನ್ನು ನೋಡಬೇಕು?
— ಕನ್ನಡಿಗ ತಂದೆ, ಡಲ್ಲಾಸ್

ಉತ್ತರ: ಹದಿನೆಂಟು ತುಂಬಿದ್ದರೆ ಅವನೊಬ್ಬನ ಸಹಿಯೇ ಸಾಕು, ನಿಮ್ಮ ಒಪ್ಪಿಗೆ ಯಾರಿಗೂ ಬೇಕಾಗುವುದಿಲ್ಲ. ಆದ್ದರಿಂದ ಅವನ ಪಕ್ಕದಲ್ಲಿ ಕುಳಿತು ಓದಿ. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಅಥವಾ ಹೆಚ್ಚು ಉಳಿದರೆ, ಆದಾಯ ತೆರಿಗೆಯಲ್ಲದೆ ಸ್ವಂತ ಉದ್ಯೋಗದ ತೆರಿಗೆಯನ್ನೂ ಅವನು ಕಟ್ಟಬೇಕಾಗುತ್ತದೆ. ಬೇರೆ ಯಾವ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಳ್ಳಬಾರದು ಎಂದಿದೆ, ವಿಶ್ವವಿದ್ಯಾಲಯದ ಪ್ರಾಯೋಜಕರೊಂದಿಗೆ ಅದು ಘರ್ಷಿಸುತ್ತದೆಯೇ ಎಂಬುದನ್ನು ನೋಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಅವಧಿ. ಫ್ಲಾರಿಡಾದ ಒಬ್ಬ ಕಾಲೇಜು ಫುಟ್‌ಬಾಲ್ ಆಟಗಾರ ಸುಮಾರು 4.36 ಲಕ್ಷ ಡಾಲರ್ ಪಡೆದು, ವೃತ್ತಿಪರ ಲೀಗ್‌ನಲ್ಲಿ 25 ವರ್ಷಗಳವರೆಗೆ ತಾನು ಗಳಿಸುವುದರಲ್ಲಿ ಶೇಕಡ 15ರಷ್ಟನ್ನು ಒಂದು ಕಂಪನಿಗೆ ಬರೆದುಕೊಟ್ಟು, 2023ರಲ್ಲಿ ಅದರಿಂದ ಬಿಡಿಸಿಕೊಳ್ಳಲು ನ್ಯಾಯಾಲಯದ ಮೊರೆ ಹೋಗಬೇಕಾಯಿತು. ನಿಮ್ಮ ಮಗನ ಪತ್ರದಲ್ಲಿ ಚಿತ್ರವನ್ನು 'ಶಾಶ್ವತವಾಗಿ' ಬಳಸುವ ಹಕ್ಕು ಎಂಬ ಮಾತಿದ್ದರೆ, ಅದನ್ನು ಒಂದು ವರ್ಷವೆಂದು ತಿದ್ದಿಸಿ. ಅಂಗಡಿಯವರು ಒಪ್ಪದಿದ್ದರೆ ಸಹಿ ಹಾಕುವುದು ಬೇಡ.