ಐದಾರು ಮಳೆಗಾಲ ನಿಂತ ಟ್ರ್ಯಾಕ್ಟರಿನ ಇಂಜಿನ್ ಜಾಮ್ ಆಗಿದೆ, ಮನೆಯಲ್ಲೇ ಬಿಡಿಸಬಹುದಾ?

ಅಪ್ಪನ ಕಾಲದ ಮ್ಯಾಸಿ 1035 ಐದಾರು ಮಳೆಗಾಲ ಬಯಲಲ್ಲೇ ನಿಂತಿದೆ, ಇಂಜಿನ್ ಅಲ್ಲಾಡುತ್ತಿಲ್ಲ, ಟಾಪ್ ಗೇರಿಗೆ ಹಾಕಿ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಎಳೆಸಬೇಡಿ. ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸಲಾರದು. ಬಲ ಎಲ್ಲಾ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಮೇಲೆ ಬಿದ್ದು ಅದು ಬಾಗುತ್ತದೆ. ಸುಮ್ನೆ ಕಾದಿದ್ದರೆ ಬಿಡಬಹುದಾಗಿದ್ದ ಇಂಜಿನ್ ಆಗ ಪೂರ್ತಿ ಬಿಚ್ಚುವ ಕೆಲಸವಾಗುತ್ತದೆ.

ನಮ್ಮ ಮಲೆನಾಡಿನ ಕಡೆ ಇಂಥ ಟ್ರ್ಯಾಕ್ಟರುಗಳು ತುಂಬಾ ಇವೆ, ಕೆಲವನ್ನು ನಾನೇ ಕೂತು ಬಿಡಿಸಿದ್ದೇನೆ. ಓಡುತ್ತಿದ್ದಾಗಲೇ ಜಾಮ್ ಆಗಿದ್ದರೆ ಆಯಿಲ್ ಇಲ್ಲದೆ ಬೇರಿಂಗ್ ಹಿಡಿದಿರುತ್ತದೆ, ಇಲ್ಲವೇ ಕಾದು ಪಿಸ್ಟನ್ ಕಚ್ಚಿರುತ್ತದೆ. ಅದನ್ನು ಬಿಚ್ಚಲೇಬೇಕು. ನಿಮ್ಮದು ನಿಂತಲ್ಲೇ ಹಿಡಿದದ್ದು, ಹಾಗಾಗಿ ಆಸೆ ಜಾಸ್ತಿ ಇದೆ. ಮೇಲ್ಮುಖವಾದ ಸೈಲೆನ್ಸರಿನಿಂದ ಮಳೆನೀರು ಇಳಿಯುತ್ತದೆ. ಟ್ರ್ಯಾಕ್ಟರ್ ನಿಂತಾಗ ಯಾವ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಿತ್ತೋ ಅದರೊಳಗೆ ಹೋಗಿ ಪಿಸ್ಟನ್ನಿನ ರಿಂಗ್ ಮತ್ತು ಸಿಲಿಂಡರಿನ ಒಳಗೋಡೆಯಾದ ಲೈನರ್ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಮೂರರಲ್ಲಿ ಒಂದೇ ಸಿಲಿಂಡರ್ ಹಿಡಿದು ಉಳಿದವು ಚೆನ್ನಾಗಿರುವುದು ಸಾಮಾನ್ಯ. ಸೈಲೆನ್ಸರ್ ಮೇಲೆ ಒಂದು ಡಬ್ಬಿ ಬೋರಲು ಹಾಕಿದ್ದರೆ ಎಷ್ಟೋ ಇಂಜಿನ್ ಉಳಿಯುತ್ತಿದ್ದವು.

ಹಿಡಿದಿರುವುದು ಇಂಜಿನ್ನೇ ಹೌದಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಫ್ಯಾನ್ ಬೆಲ್ಟ್ ತೆಗೆಯಿರಿ, ವಾಟರ್ ಪಂಪ್ ಅಥವಾ ಡೈನಮೋ ಹಿಡಿದಿದ್ದರೂ ಇಂಜಿನ್ ಜಾಮ್ ಅನ್ನಿಸುತ್ತದೆ. ಸ್ಟಾರ್ಟರ್ ಮೋಟಾರನ್ನೂ ಬಿಚ್ಚಿ ನೋಡಿ, ಅದರ ಪಿನಿಯನ್ ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಂಡಿರಬಹುದು.

ಆಮೇಲೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಮೂರೂ ನಾಜಲ್ ತೆಗೆಯಿರಿ. ಹಿಡಿದುಕೊಂಡಿದ್ದರೆ ಸುತ್ತ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಸುತ್ತಿಗೆಯಲ್ಲಿ ಹೊಡೆಯಬೇಡಿ. ನಾಜಲ್ ತೂತಿನಿಂದ ತೆಳ್ಳಗಿನ ಪೈಪ್ ಇಳಿಸಿ ಒಳಗಿನ ನೀರನ್ನು ಎಳೆದು ತೆಗೆಯಿರಿ. ರಾಕರ್ ಕವರ್ ಬಿಚ್ಚಿ ವಾಲ್ವ್‌ಗಳನ್ನೂ ಒಂದೊಂದಾಗಿ ಒತ್ತಿ ನೋಡಿ. ವಾಲ್ವ್ ಹಿಡಿದಿರುವಾಗ ಕ್ರ್ಯಾಂಕ್ ತಿರುಗಿಸಿದರೆ ಅದನ್ನು ತೆರೆಸುವ ಪುಶ್ ರಾಡ್ ಬಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಾನು ಹಾಕುವುದು ಆಟೊಮ್ಯಾಟಿಕ್ ಗೇರಿನ ಎಟಿಎಫ್ ಎಣ್ಣೆ ಮತ್ತು ಅಸಿಟೋನ್, ಸಮ ಸಮ. ಅದು ಸಿಗದಿದ್ದರೆ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿದರೂ ಆದೀತು, ನಿಧಾನವಾಗಿ ಇಳಿಯುತ್ತದೆ ಅಷ್ಟೆ. ಅಸಿಟೋನ್ ಥಟ್ಟನೆ ಬೆಂಕಿ ಹಿಡಿಯುತ್ತದೆ. ಆ ಹೊತ್ತಿಗೆ ಹತ್ತಿರ ಬೀಡಿಯೂ ಬೇಡ, ವೆಲ್ಡಿಂಗೂ ಬೇಡ. ಮೂರೂ ಸಿಲಿಂಡರಿಗೆ ಹಾಕಿ ವಾರವಾದರೂ ಬಿಡಿ, ಇಳಿದಷ್ಟು ಮತ್ತೆ ಹಾಕುತ್ತಾ ಇರಿ.

ಇನ್ನು ತಿರುಗಿಸುವುದು. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಅಥವಾ ಸ್ಟಾರ್ಟರ್ ಜಾಗದಿಂದ ಫ್ಲೈವೀಲ್ ಹಲ್ಲಿಗೆ ಕಬ್ಬಿಣದ ಸರಳು ಕೊಟ್ಟು ಮೆಲ್ಲಗೆ ಒತ್ತಿ. ಒಂದೇ ಸಲಕ್ಕೆ ಪೂರ್ತಿ ಸುತ್ತಬೇಕೆಂದು ಹಟ ಬೇಡ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಅಲ್ಲಿಂದ ಹಿಂದಕ್ಕೆ ತನ್ನಿ, ಮತ್ತೆ ಮುಂದಕ್ಕೆ. ಹೀಗೆ ಆಡಿಸುತ್ತಾ ಹೋದರೆ ತುಕ್ಕು ಪುಡಿಯಾಗಿ ಜಾಗ ಬಿಡುತ್ತದೆ. ಬಲ ಜಾಸ್ತಿ ಬೇಕಾಯಿತು ಅನ್ನಿಸಿದರೆ ನಿಲ್ಲಿಸಿ, ಇನ್ನಷ್ಟು ಎಣ್ಣೆ ಹಾಕಿ ಬಿಡಿ.

ಅಷ್ಟಾದರೂ ಬಿಡದಿದ್ದರೆ ಸಿಲಿಂಡರುಗಳ ಮೇಲಿನ ಹೆಡ್ ಇಳಿಸಿ ನೋಡಬೇಕು. ಲೈನರಿನಲ್ಲಿ ತುಕ್ಕು ಉಗುರಿಗೆ ತಾಗುವಷ್ಟು ಗುಂಡಿ ಬಿದ್ದಿದ್ದರೆ ಹೊಸ ಲೈನರ್, ಪಿಸ್ಟನ್, ರಿಂಗ್ ಹಾಕಿಸುವುದೇ ಒಳ್ಳೆಯದು. ಲೈನರ್ ಕೂರಿಸುವುದನ್ನು ಲೇತ್ ಅಂಗಡಿಗೆ ಬಿಡಿ. ಇನ್ನೊಂದು ಮಾತು: ಇದಕ್ಕೆ ಲಾರಿಯ ಹಾಗೆ ಚಾಸಿ ಇಲ್ಲ, ಮುಂದಿನ ಆಕ್ಸಲ್ ಇಂಜಿನ್ನಿಗೇ ಬೋಲ್ಟ್ ಆಗಿರುತ್ತದೆ. ಗೇರ್‌ಬಾಕ್ಸಿನ ಅಡಿಗೆ, ಮುಂದಕ್ಕೆ ಗಟ್ಟಿ ಆಸರೆ ಕೊಡದೆ ಇಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚಲು ಕೂರಬೇಡಿ. ಬಿಚ್ಚಿದರೆ ಕನೆಕ್ಟಿಂಗ್ ರಾಡಿನ ಕ್ಯಾಪುಗಳಿಗೆ ಗುರುತು ಹಾಕಿ, ಒಂದರದು ಇನ್ನೊಂದಕ್ಕೆ ಹೋಗಬಾರದು.

ಇಂಜಿನ್ ಬಿಟ್ಟಿತು ಅನ್ನೋಣ. ತಕ್ಷಣ ಸ್ಟಾರ್ಟ್ ಮಾಡುವ ಆಸೆ ಬರುತ್ತದೆ, ತಡೆಯಿರಿ. ಹಳೇ ಆಯಿಲ್ ಇಳಿಸಿ, ಚೇಂಬರಿನ ತಳದಲ್ಲಿ ನೀರಿದ್ದರೆ ಮೊದಲು ಅದೇ ಬರುತ್ತದೆ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ನಾಜಲ್ ಹಾಕದೆ, ಡೀಸೆಲ್ ಬಂದ್ ಮಾಡಿ, ಸ್ಟಾರ್ಟರಿನಿಂದ ಸುತ್ತಿಸಿ. ಒಳಗಿನ ಎಣ್ಣೆ ತೂತಿನಿಂದ ಚಿಮ್ಮುತ್ತದೆ, ಮುಖ ಹತ್ತಿರ ತರಬೇಡಿ. ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೂ ಬಿಟ್ಟು ಬಿಟ್ಟು ಸುತ್ತಿಸಿ.

ಟ್ಯಾಂಕ್ ತೊಳೆದು, ಡೀಸೆಲ್ ಫಿಲ್ಟರ್ ಬದಲಿಸಿ, ನಾಜಲ್ ಹಾಕಿ, ಲೈನಿನ ಏರ್ ತೆಗೆಯಿರಿ. ಇಲ್ಲಿ ನಾನು ತುಂಬಾ ಒತ್ತಿ ಹೇಳುವುದು ಒಂದಿದೆ. ವರ್ಷಗಟ್ಟಲೆ ನಿಂತ ಡೀಸೆಲ್ ಪಂಪ್ ಒಳಗೇ ಹಿಡಿದಿರಬಹುದು. ಹಾಗಾದರೆ ಸ್ಟಾರ್ಟ್ ಆದ ಇಂಜಿನ್ ಏರುತ್ತಲೇ ಹೋಗುತ್ತದೆ, ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ. ಅದಕ್ಕೆ ಮೊದಲ ಸಲ ಏರ್ ಕ್ಲೀನರ್ ಪೈಪ್ ಬಿಚ್ಚಿಟ್ಟು, ಗಾಳಿ ಒಳಹೋಗುವ ಬಾಯಿ ಪೂರ್ತಿ ಮುಚ್ಚುವಂಥ ಹಲಗೆ ಹಿಡಿದು ಒಬ್ಬರು ನಿಂತಿರಲಿ. ಗಾಳಿ ನಿಂತರೆ ಡೀಸೆಲ್ ಇಂಜಿನ್ ನಿಲ್ಲುತ್ತದೆ. ಕೈಯಲ್ಲಾಗಲಿ ಬಟ್ಟೆಯಲ್ಲಾಗಲಿ ಮುಚ್ಚಲು ಹೋಗಬೇಡಿ, ಎಳೆದುಕೊಳ್ಳುತ್ತದೆ.

ಶುರುವಿಗೆ ಹೊಗೆ ಜೋರಾಗಿ ಬರುತ್ತದೆ, ಒಳಗೆ ಉಳಿದ ಎಣ್ಣೆ ಸುಡುವುದು ಅದು. ಕೆಲವು ನಿಮಿಷ ಓಡಿಸಿ ನಿಲ್ಲಿಸಿ, ನೀರು ಆಯಿಲ್ ನೋಡಿ. ಆಯಿಲ್ ಹಾಲು ಬೆರೆತ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ, ಹೆಡ್ ಗ್ಯಾಸ್ಕೆಟ್ ನೋಡಿಸಿ. ಎಲ್ಲಾ ಸರಿ ಇದ್ದರೂ ಕೆಲವು ಗಂಟೆ ಓಡಿದ ಮೇಲೆ ಆಯಿಲ್ ಮತ್ತೊಮ್ಮೆ ಬದಲಿಸಿ. ಉಳುಮೆಗೆ ಹಾಕುವುದು ಅದಾದ ಮೇಲೆ.