ಸಭೆ ಮುಗಿಯುವ ಹೊತ್ತಿಗೆ ಅರ್ಧ ಜನ ಇರುವುದಿಲ್ಲ

ಪ್ರಶ್ನೆ: ಒಂದು ಸೇವಾ ಸಂಸ್ಥೆಯ ಕಾರ್ಯದರ್ಶಿ ನಾನು. ಮೂರು ತಿಂಗಳಿಗೊಮ್ಮೆ ನಡೆಯುವ ನಮ್ಮ ಆಡಳಿತ ಮಂಡಳಿ ಸಭೆಯಲ್ಲಿ ವರದಿಗಳನ್ನು ಓದುವುದರಲ್ಲೇ ಎರಡು ಗಂಟೆ ಹೋಗುತ್ತದೆ. ಮುಖ್ಯ ವಿಷಯ ಬರುವಷ್ಟರಲ್ಲಿ ಅರ್ಧ ಸದಸ್ಯರು ಎದ್ದು ಹೋಗಿರುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ವರದಿ ಓದುವುದನ್ನು ನಿಲ್ಲಿಸಿ. ಹಲವು ಮಂಡಳಿಗಳ ನಡಾವಳಿ ಬರೆದವಳಾಗಿ ಹೇಳುತ್ತೇನೆ, ನಿಮ್ಮ ಸಭೆಯನ್ನು ತಿನ್ನುತ್ತಿರುವುದು ಅದೇ.

ಹಿಂದಿನ ಸಭೆಯ ನಡಾವಳಿ, ಕಾರ್ಯಕ್ರಮಗಳ ವರದಿ, ಮಾಮೂಲಿ ಒಪ್ಪಿಗೆಗಳು, ಇವನ್ನೆಲ್ಲ ಒಂದೇ ಕಟ್ಟಾಗಿ ಸೇರಿಸಿ ಸದಸ್ಯರಿಗೆ ಒಂದು ವಾರ ಮೊದಲೇ ಕಳಿಸಿ. ಸಭೆಯಲ್ಲಿ ಎಲ್ಲದಕ್ಕೂ ಒಂದೇ ಠರಾವು ಸಾಕು. ಇದರಲ್ಲಿ ಯಾವುದಾದರೂ ವಿಷಯ ಚರ್ಚೆಯಾಗಬೇಕು ಎಂದು ಒಬ್ಬ ಸದಸ್ಯ ಕೇಳಿದರೂ ಅದನ್ನು ಬೇರೆ ತೆಗೆದಿಡಬೇಕು. ಈ ಹಕ್ಕನ್ನು ಯಾವ ಕಾರಣಕ್ಕೂ ಮೊಟಕು ಮಾಡಬೇಡಿ. ಬಜೆಟ್, ಆಡಿಟ್ ವರದಿ, ಮುಖ್ಯಸ್ಥರ ಸಂಬಳ ಈ ಕಟ್ಟಿನಲ್ಲಿ ಸೇರಲೇಬಾರದು.

ಓದದೆ ಬಂದವರಿಗಾಗಿ ಮತ್ತೆ ಓದಿ ಹೇಳಬೇಡಿ. ಒಮ್ಮೆ ಹೇಳಿದರೆ, ಓದಿ ಬಂದವರೂ ಮುಂದಿನ ಸಲ ಓದುವುದಿಲ್ಲ.

ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಆದ ಕೂಡಲೇ, ಈ ಒಂದು ಠರಾವು ಮುಗಿಸಿ, ಅತಿ ಕಷ್ಟದ ವಿಷಯವನ್ನೇ ಎತ್ತಿಕೊಳ್ಳಿ. ಜನ ಎದ್ದು ಹೋಗಿ ಕೋರಂ ಮುರಿದ ಮೇಲೆ ಮಾಡಿದ ನಿರ್ಣಯ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಿಮ್ಮ ಬೈಲಾದಲ್ಲಿ, ಅಂದರೆ ಸಂಸ್ಥೆಯ ನಿಯಮಾವಳಿಯಲ್ಲಿ, ಏನಿದೆ ನೋಡಿಕೊಳ್ಳಿ.

ಅಜೆಂಡಾವನ್ನು ಪ್ರಶ್ನೆಯಾಗಿ ಬರೆಯಿರಿ. ‘ಹಣಕಾಸು’ ಎಂದಷ್ಟೇ ಬರೆದರೆ ಖಜಾಂಚಿ ಲೆಕ್ಕ ಓದುತ್ತಾರೆ, ಉಳಿದವರು ಸುಮ್ನೆ ಕೂರುತ್ತಾರೆ. ‘ದೊಡ್ಡ ದಾನಿ ಮುಂದಿನ ವರ್ಷ ಕೈಬಿಟ್ಟರೆ ಯಾವ ಕೆಲಸ ನಿಲ್ಲಿಸುತ್ತೇವೆ?’ ಎಂದು ಬರೆದು ನೋಡಿ. ಎಲ್ಲರೂ ಮನೆಯಿಂದಲೇ ಯೋಚಿಸಿಕೊಂಡು ಬರುತ್ತಾರೆ. ಮಂಡಳಿ ಇರುವುದೇ ಇಂಥ ಪ್ರಶ್ನೆಗೆ ಅಲ್ವಾ? ಚರ್ಚೆಯಲ್ಲಿ ಅಧ್ಯಕ್ಷರು ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಲಿ. ಅವರು ಮೊದಲೇ ಹೇಳಿಬಿಟ್ಟರೆ ಹೊಸ ಸದಸ್ಯರು ಬಾಯಿ ಬಿಡುವುದಿಲ್ಲ. ಒಂದು ವಿಷಯದಲ್ಲಿ ಯಾರಿಗಾದರೂ ಸ್ವಂತ ಲಾಭವಿದ್ದರೆ ಅವರು ಮೊದಲೇ ತಿಳಿಸಿ, ಚರ್ಚೆ ಮತ್ತು ಮತದಾನದ ವೇಳೆ ಹೊರಗಿರಬೇಕು.

ನಡಾವಳಿ ಚಿಕ್ಕದಿರಲಿ. ಏನು ತೀರ್ಮಾನ, ಯಾಕೆ, ಯಾರ ಹೊಣೆ, ಯಾವ ತಾರೀಖಿನೊಳಗೆ, ಇಷ್ಟು ಸಾಕು. ಯಾರು ಏನು ಮಾತಾಡಿದರು ಎಂದೆಲ್ಲ ಬೇಡ.

ಇದನ್ನೆಲ್ಲ ಸಭೆಯಲ್ಲೇ ಏಕಾಏಕಿ ಜಾರಿಗೆ ತರಬೇಡಿ. ಮೊದಲು ಅಧ್ಯಕ್ಷರ ಜೊತೆ ಕೂತು ಮಾತಾಡಿ. ವರದಿ ಓದುವುದನ್ನೇ ತಮ್ಮ ಗೌರವ ಎಂದುಕೊಂಡ ಹಿರಿಯ ಸದಸ್ಯರಿದ್ದರೆ, ಅವರಿಗೆ ಅಧ್ಯಕ್ಷರೇ ಫೋನ್ ಮಾಡಿ ತಿಳಿಸಲಿ.