ನೋವು ಕಡಿಮೆಯಾದ ಮೇಲೂ ಕುರ್ಚಿ ಪರೀಕ್ಷೆ ಯಾಕೆ?

ಸರ್, ಅಮ್ಮನಿಗೆ ಮಂಡಿ ಕೀಲು ಬದಲಾಯಿಸಿ ಐದು ವಾರ, ನೋವೂ ಕಡಿಮೆ, ಆದರೂ ಫಿಸಿಯೋ (ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್) ವಾಚ್ ಹಿಡಿದು ಯಾಕೆ ಏಳಿಸಿ ಕೂರಿಸುತ್ತಾರೆ ಅಂತ ಕೇಳಿದ್ದೀರಿ.

ಅದು ಸುಮ್ನೆ ಕಾಟ ಅಲ್ಲ. ನೋವು ಇಳಿದ ಕೂಡಲೇ 'ಚೆನ್ನಾಗಿ ನಡೀತಿದ್ದೀನಿ' ಅನ್ನಿಸುತ್ತದೆ. ಆದರೆ ಮೊದಲ ತಿಂಗಳು ತೊಡೆಯ ಮುಂದಿನ ಸ್ನಾಯು ತುಂಬಾ ಸೊರಗಿರುತ್ತದೆ. ಬಾಯಿ ಒಂದು ಹೇಳಿದರೆ ವಾಚ್ ಇನ್ನೊಂದು ಹೇಳುತ್ತದೆ.

ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತರು ಅನ್ನೋದು ಒಂದು ಲೆಕ್ಕ. ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಸಮಯ ಇನ್ನೊಂದು. ಮುಂದೆ ಮೆಟ್ಟಿಲು, 6 ನಿಮಿಷದ ನಡಿಗೆಯೂ ಬರಬಹುದು. ಪ್ರತಿ ಸಲ ಅದೇ ಕುರ್ಚಿ ಇರಲಿ, ಎತ್ತರ ಬದಲಾದರೆ ಲೆಕ್ಕ ಕೆಡುತ್ತದೆ. ನಮ್ಮತ್ತೆ ಒಮ್ಮೆ ತಗ್ಗು ಸೋಫಾದಲ್ಲಿ ಮಾಡಿ, 'ಹಿಂದಕ್ಕೆ ಹೋದೆ' ಅಂತ ಕಂಗಾಲಾಗಿದ್ದರು! ಪಕ್ಕದ ಮನೆಯವರ ಅಂಕಿ ಬೇಡ, ಅಮ್ಮನ ಹಿಂದಿನ ಅಂಕಿಯ ಜೊತೆಗೇ ಹೋಲಿಸಿ. ಮನೆಯಲ್ಲಿ ಮಾಡಿಸುವುದಾದರೆ ಕುರ್ಚಿ ಗೋಡೆಗೆ ತಾಗಿರಲಿ, ನೀವು ಪಕ್ಕದಲ್ಲೇ ನಿಂತಿರಿ.

ಅಮ್ಮ ದಾವಣಗೆರೆಯ ಕುಂದುವಾಡ ಕೆರೆ ಪೂರ್ತಿ ಸುತ್ತೋದು ಯಾವಾಗ ಅಂದಿರಲ್ಲ, ಅದನ್ನ ಫಿಸಿಯೋ ಹತ್ರಾನೇ ಕೇಳಿ. ಅವರು ಬರೆದಿಡುವ ಪುಸ್ತಕದಲ್ಲಿ ಅಮ್ಮನ ಅಂಕಿಗಳು ಇರುತ್ತವೆ.